ಬುಲೆಟ್ ಕ್ಲಸ್ಟರಿನಲ್ಲಿ ಶಾಕ್ ಅಲೆ ಅಳೆಯುವುದು ಹೇಗೆ?

ಬುಲೆಟ್ ಕ್ಲಸ್ಟರ್ ಅಂದರೆ ಡಿಕ್ಕಿಯಾದ ಎರಡು ಗೆಲಾಕ್ಸಿ ಗೊಂಚಲುಗಳು; ಚಿಕ್ಕದರ ಅನಿಲ ದೊಡ್ಡದರೊಳಗೆ ಗುಂಡಿನಂತೆ ನುಗ್ಗಿದೆ. ಅದರ ಎಕ್ಸ್-ರೇ ಚಿತ್ರ ತೋರಿಸಿ ‘ಶಾಕ್ ಎಲ್ಲಿದೆ?’ ಅಂತ ಕೇಳಿ ನೋಡಿ. ಹೆಚ್ಚಿನವರು ಗುಂಡಿನ ಹೊಳೆಯುವ ಮೂತಿಯ ಮೇಲೆ ಬೆರಳಿಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ! ಅದು ತಂಪು ಅನಿಲದ ಅಂಚು. ಡಿಕ್ಕಿಯಲ್ಲಿ ಎದ್ದ ಶಾಕ್, ಅಂದರೆ ಅನಿಲವನ್ನು ಏಕಾಏಕಿ ಒತ್ತಿ ಬಿಸಿಮಾಡುವ ಅಲೆ, ಆ ಅಂಚಿನ ಮುಂದೆ, ಮಸುಕಾಗಿ, ಬಿಲ್ಲಿನಂತೆ ಬಾಗಿ ನಿಂತಿದೆ. 2002ರಲ್ಲಿ ಮ್ಯಾಕ್ಸಿಮ್ ಮಾರ್ಕೆವಿಚ್ ಮತ್ತು ಸಂಗಡಿಗರು ಚಂದ್ರಾ ಎಂಬ ಎಕ್ಸ್-ರೇ ಬಾಹ್ಯಾಕಾಶ ದೂರದರ್ಶಕದ ಚಿತ್ರದಲ್ಲಿ ಗುರುತಿಸಿದ್ದು ಇದನ್ನೇ.

ಮೊದಲು ಚಂದ್ರಾ ಭಂಡಾರದಿಂದ ಡೇಟಾ ಇಳಿಸಿಕೊಳ್ಳಿ, ಅದನ್ನು ವಿಶ್ಲೇಷಿಸುವ ‘ಚಾವ್’ (CIAO) ತಂತ್ರಾಂಶ ಹಾಕಿಕೊಳ್ಳಿ. ಎರಡೂ ಪುಕ್ಕಟೆ. ಅಂತರ್ಜಾಲದ ಬಣ್ಣಬಣ್ಣದ ಚಿತ್ರಗಳಿಂದ ಅಳತೆ ತೆಗೆಯಬೇಡಿ, ಅವು ಗೋಡೆಗೆ ಅಂಟಿಸಲಷ್ಟೇ ಚೆನ್ನ.

ಆಮೇಲೆ ಚುಕ್ಕಿಯಂತೆ ಹೊಳೆಯುವ ಬೇರೆ ಮೂಲಗಳನ್ನೂ, ಹಿನ್ನೆಲೆಯ ಬೇಡದ ಎಣಿಕೆ ಏರಿದ ಹೊತ್ತಿನ ಡೇಟಾವನ್ನೂ ತೆಗೆದುಹಾಕಿ.

ಈಗ ಎಲ್ಲರೂ ಎಡವುವ ಜಾಗ. ಶಾಕ್‌ನ ಅಂಚಿಗೆ ಅಡ್ಡಲಾಗಿ ದೋಸೆಯ ತುಂಡಿನಂಥ ಒಂದು ಭಾಗ ಆರಿಸಿ, ಅದನ್ನು ಕಿರಿದಾದ ಪಟ್ಟಿಗಳಾಗಿ ಕತ್ತರಿಸಿ ಒಂದೊಂದರ ಹೊಳಪು ಅಳೆಯಬೇಕು. ತುಂಡಿನ ಮೊನೆಯನ್ನು ಗೊಂಚಲಿನ ಅತಿ ಹೊಳಪಿನ ಜಾಗದಲ್ಲಿ ಸುಮ್ನೆ ಇಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಪಟ್ಟಿಗಳು ಶಾಕ್‌ನ ಬಾಗಿದ ಗೆರೆಗೆ ಸಮಾನಾಂತರವಾಗಿ ಕೂರುವ ತನಕ ಮೊನೆಯನ್ನು ಸರಿಸಿ. ಸ್ವಲ್ಪ ಓರೆಯಾದರೂ ಒಂದೇ ಪಟ್ಟಿಯಲ್ಲಿ ಎರಡೂ ಬದಿಯ ಫೋಟಾನುಗಳು ಬೆರೆತು ಹೊಳಪಿನ ಜಿಗಿತ ಸಪಾಟಾಗುತ್ತದೆ. ನಾನೂ ಹೀಗೆ ಎರಡು ವಾರ ಕಳೆದಿದ್ದೇನೆ. ಒರಟುತನ ಹೋಗಲೆಂದು ನುಣುಪಾಗಿಸಿದ ಚಿತ್ರವನ್ನು ಅಂಚು ಹುಡುಕಲು ಮಾತ್ರ ಬಳಸಿ. ಅಳತೆಗೆ ಕಚ್ಚಾ ಎಣಿಕೆಯೇ ಬೇಕು.

ಹೊಳಪು ಸಾಂದ್ರತೆಯ ವರ್ಗದ ಲೆಕ್ಕದಲ್ಲಿ ಏರುತ್ತದೆ, ಜತೆಗೆ ಹಿಂದುಮುಂದಿನ ಅನಿಲವೂ ಸೇರಿಕೊಳ್ಳುತ್ತದೆ. ಅದಕ್ಕೇ ಗೋಳಾಕಾರದ ಮಾದರಿ ಹೊಂದಿಸಿ ಸಾಂದ್ರತೆಯ ಜಿಗಿತ ತೆಗೆಯಬೇಕು. ಅದು ಸುಮಾರು 3 ಪಟ್ಟು ಬಂತು ಅನ್ನಿ. ಮ್ಯಾಕ್ ಸಂಖ್ಯೆ ಅಂದರೆ ಶಾಕ್‌ನ ವೇಗ ಮುಂದಿನ ಅನಿಲದಲ್ಲಿನ ಶಬ್ದದ ವೇಗದ ಎಷ್ಟು ಪಟ್ಟು ಎಂಬುದು. ಅದರ ವರ್ಗವನ್ನು 4ರಿಂದ ಗುಣಿಸಿ, ಅದೇ ವರ್ಗಕ್ಕೆ 3 ಕೂಡಿಸಿ ಭಾಗಿಸಿದರೆ ಈ ಜಿಗಿತ ಸಿಗಬೇಕು. ಮ್ಯಾಕ್ 3 ಇಟ್ಟು ನೋಡಿ: 36 ಭಾಗಿಸು 12, ಅಂದರೆ 3. ಸರಿಹೋಯಿತು, ಅಲ್ವಾ? ಜಿಗಿತ 4 ದಾಟಿದರೆ ಎಲ್ಲೋ ತಪ್ಪಾಗಿದೆ.

ಕೊನೆಗೆ ಉಷ್ಣತೆ. ದಟ್ಟ ಬದಿ ಜಾಸ್ತಿ ಬಿಸಿಯಿದ್ದರೆ ಶಾಕ್, ತಂಪಗಿದ್ದರೆ ತಂಪು ಅಂಚು. ಶಾಕ್‌ನ ಮುಂದೆ ಫೋಟಾನುಗಳು ತೀರಾ ಕಡಿಮೆ, ಹಿನ್ನೆಲೆ ಕಳೆಯುವಾಗ ಆತುರ ಬೇಡ.

ಶಾಕ್‌ನ ಮುಂದಿನ ಅನಿಲದ ಉಷ್ಣತೆಯಿಂದ ಅಲ್ಲಿನ ಶಬ್ದದ ವೇಗ ಸಿಗುತ್ತದೆ; ಅದನ್ನು ಮ್ಯಾಕ್ ಸಂಖ್ಯೆಯಿಂದ ಗುಣಿಸಿದರೆ ಸಿಗುವ ವೇಗ ಸೆಕೆಂಡಿಗೆ ಸುಮಾರು 4,700 ಕಿಲೋಮೀಟರ್. ಇದು ಶಾಕ್‌ನದು. ಗುಂಡಿನ ವೇಗ ಅಂತ ಬರೆದುಬಿಡಬೇಡಿ.