ಒಂದು ಬೇರು ಹಿಡಿಯಿರಿ, ಹತ್ತಾರು ಇಂಗ್ಲಿಷ್ ಪದ ಸಿಗುತ್ತವೆ

ನನ್ನ ಮಗಳು ಒಂಬತ್ತನೇ ಕ್ಲಾಸು. ಪರೀಕ್ಷೆಗೆ ಮುಂಚೆ ಇಂಗ್ಲಿಷ್ ಪದಗಳ ಪಟ್ಟಿ ಹಿಡಿದು ಬಾಯಿಪಾಠ ಮಾಡುತ್ತಿದ್ದಳು. ಇನ್ಸ್‌ಪೆಕ್ಟ್, ಸಸ್ಪೆಕ್ಟ್, ಪ್ರಾಸ್ಪೆಕ್ಟ್, ರೆಟ್ರಾಸ್ಪೆಕ್ಟ್. ಸಂಜೆ ಕಲಿತದ್ದು ಬೆಳಿಗ್ಗೆ ಹೊತ್ತಿಗೆ ಮರೆತಿರುತ್ತಿತ್ತು. "ಅಮ್ಮಾ, ಎಲ್ಲಾ ಒಂದೇ ಥರ ಕೇಳಿಸುತ್ತೆ" ಅಂದಳು. ಕೇಳಿಸಲೇಬೇಕು, ಅವೆಲ್ಲ ಒಂದೇ ತಾಯಿಯ ಮಕ್ಕಳು. ಅವತ್ತು ಪಟ್ಟಿ ಪಕ್ಕಕ್ಕಿಟ್ಟು ನಾವಿಬ್ಬರೂ ಏನು ಮಾಡಿದೆವೋ ಅದನ್ನೇ ಇಲ್ಲಿ ಹೇಳುತ್ತೇನೆ.

ಹಂತ 1: ಬೇರು ಬರೆಯಿರಿ

ನೋಟ್‌ಬುಕ್ಕಿನಲ್ಲಿ ಒಂದು ಪೂರ್ತಿ ಪುಟ ಬಿಡಿ. ನಡುವೆ ‘ಸ್ಪೆಕ್ಟ್’ ಅಂತ ದೊಡ್ಡದಾಗಿ ಬರೆಯಿರಿ. ಇದೇ ಬೇರು, ಅಂದರೆ ಈ ಪದಗಳೆಲ್ಲ ಹುಟ್ಟಿದ ಮೂಲ ತುಂಡು. ಹಳೆಯ ರೋಮ್‌ನ ಭಾಷೆಯಾದ ಲ್ಯಾಟಿನ್ನಿನ ‘ಸ್ಪೆಕೆರೆ’ಯಿಂದ ಬಂದದ್ದು. ಅರ್ಥ: ನೋಡು. ಅಷ್ಟೇ.

ಹಂತ 2: ಬೇರಿನ ಮುಂದೆ ಅಂಟಿದ ತುಂಡು ಬಿಡಿಸಿ

ಪ್ರೊ ಅಂದರೆ ಮುಂದೆ, ರೆಟ್ರೊ ಅಂದರೆ ಹಿಂದೆ, ಇನ್ ಅಂದರೆ ಒಳಗೆ, ಸರ್ಕಮ್ ಅಂದರೆ ಸುತ್ತ. ಈಗ ‘ನೋಡು’ ಸೇರಿಸಿ. ಪ್ರಾಸ್ಪೆಕ್ಟ್ ನಮ್ಮ ಮುನ್ನೋಟ. ರೆಟ್ರಾಸ್ಪೆಕ್ಟ್ ಹಿನ್ನೋಟ. ಒಳಹೊಕ್ಕು ನೋಡುವವನು ಇನ್ಸ್‌ಪೆಕ್ಟರ್. ಸುತ್ತಮುತ್ತ ನೋಡಿ ಹೆಜ್ಜೆ ಇಡುವವನು ಸರ್ಕಮ್‌ಸ್ಪೆಕ್ಟ್. ಎಕ್ಸ್ ಅಂದರೆ ಹೊರಗೆ. ಯಾರೋ ಬರುತ್ತಾರೆ ಅಂತ ಬಾಗಿಲಲ್ಲಿ ನಿಂತು ಹೊರಗೆ ನೋಡುವುದನ್ನು ನೆನೆಸಿಕೊಳ್ಳಿ, ಅದೇ ಎಕ್ಸ್‌ಪೆಕ್ಟ್. ನಾವೂ ‘ಎದುರು ನೋಡು’ ಅಂತೀವಲ್ಲ! ಅಡಿಯಿಂದ ಕದ್ದು ನೋಡಿದರೆ ಸಸ್ಪೆಕ್ಟ್, ಅಂದರೆ ಅನುಮಾನಪಡು. ಮೇಲಿನಿಂದ ಕೆಳಕ್ಕೆ ನೋಡಿದರೆ ಡಿಸ್ಪೈಸ್, ಕನ್ನಡದಲ್ಲಿ ‘ಕೀಳಾಗಿ ನೋಡು’.

ಮಗಳ ಮುಖ ಅರಳಿದ್ದು ಇಲ್ಲೇ. ‘ನೋಡು’ ಇಟ್ಟುಕೊಂಡು ಕನ್ನಡ ಮಾಡುವ ಕೆಲಸವನ್ನೇ ಲ್ಯಾಟಿನ್ ಕೂಡ ಮಾಡಿದೆ. ಹಾಗಾಗಿ ಕನ್ನಡ ಬಲ್ಲ ಮಕ್ಕಳಿಗೆ ಒಂದು ಬೇರಿನಿಂದ ಬೆಳೆದ ಈ ಪದಗಳ ಮರ ಹೊಸದೇನಲ್ಲ. ಇದನ್ನು ಶಾಲೆಯಲ್ಲಿ ಹೀಗೆ ಕಲಿಸಿದರೆ ಎಷ್ಟು ಕಣ್ಣೀರು ಉಳಿಯುತ್ತಿತ್ತು ಅಂತ ನನಗೆ ನಿಜಕ್ಕೂ ಅನ್ನಿಸುತ್ತದೆ.

ಹಂತ 3: ವೇಷ ಬದಲಿಸಿದವರನ್ನು ಹುಡುಕಿ

ಮುಂದೆ ಏನಾದರೂ ಸೇರಿದಾಗ ಲ್ಯಾಟಿನ್ನಿನಲ್ಲಿ ಬೇರಿನ ‘ಎ’ ಸ್ವರ ‘ಇ’ ಆಗುವುದುಂಟು. ಸ್ಪೆಕ್ ಹೋಗಿ ಸ್ಪಿಕ್. ಸಸ್ಪಿಷಿಯಸ್ (ಅನುಮಾನದ), ಕನ್ಸ್‌ಪಿಕ್ಯುಅಸ್ (ಎದ್ದು ಕಾಣುವ) ಎಲ್ಲ ಹೀಗೆ ಬಂದವು.

ನನಗೆ ತುಂಬಾ ಇಷ್ಟವಾದದ್ದು ಆಸ್ಪಿಷಿಯಸ್, ಅಂದರೆ ಶುಭ. ಇದರ ಮೊದಲ ತುಂಡು ‘ಆವಿಸ್’, ಅಂದರೆ ಹಕ್ಕಿ. ಹಳೆಯ ರೋಮ್‌ನಲ್ಲಿ ದೊಡ್ಡ ಕೆಲಸಕ್ಕೆ ಮುಂಚೆ ಹಕ್ಕಿ ಹಾರುವ ದಿಕ್ಕು ನೋಡಿ ಭವಿಷ್ಯ ಹೇಳುತ್ತಿದ್ದರು. ನಮ್ಮ ‘ಶಕುನ’ ಪದಕ್ಕೂ ಸಂಸ್ಕೃತದಲ್ಲಿ ಹಕ್ಕಿ ಅನ್ನುವ ಅರ್ಥವಿದೆ. ನಮ್ಮಲ್ಲಿ ಹಾಲಕ್ಕಿ ಶಕುನ ಇದೆ, ಅವರಲ್ಲಿ ಆಸ್ಪಿಷಿಯಸ್.

ಹಂತ 4: ಅರ್ಥ ದೂರ ಹೋದವನ್ನೂ ಬಿಡಬೇಡಿ

‘ಸ್ಪೀಶೀಸ್’ ಅಂದರೆ ಮೊದಲು ಕಣ್ಣಿಗೆ ಕಾಣುವ ರೂಪ. ಆಮೇಲೆ ಬಗೆ, ಜಾತಿ. ಒಂದು ಬಗೆಗೆ ಮಾತ್ರ ಸೇರಿದ್ದು ಸ್ಪೆಷಲ್. ಹೋಟೆಲಿನ ಸ್ಪೆಷಲ್ ದೋಸೆಯೂ ಈ ಮನೆಯದೇ! ಕೊನೆಕಾಲದ ಲ್ಯಾಟಿನ್ನಿನಲ್ಲಿ ಆ ‘ಸ್ಪೀಶೀಸ್’ ಪದವೇ ವ್ಯಾಪಾರದ ಸರಕು ಅಂತ ಆಯಿತು, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಾಗ ಸ್ಪೈಸ್, ಅಂದರೆ ಸಾಂಬಾರ ಪದಾರ್ಥ ಆಯಿತು.

ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದ ‘ಸ್ಪಷ್ಟ’ ಕೂಡ ಇದರ ದೂರದ ನೆಂಟ. ಚೆನ್ನಾಗಿ ಕಾಣುವುದೇ ಸ್ಪಷ್ಟ, ಅಲ್ವಾ? ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ.

ಹಂತ 5: ನಿಘಂಟು ತೆರೆಯಿರಿ

ಕಿವಿಗೆ ಒಂದೇ ಥರ ಕೇಳಿಸಿತು ಅಂತ ಸುಮ್ನೆ ಮರಕ್ಕೆ ಸೇರಿಸಬೇಡಿ. ಸಣ್ಣ ಚುಕ್ಕೆಗೆ ‘ಸ್ಪೆಕ್’ ಅನ್ನುತ್ತಾರೆ. ಅದು ಹಳೆಯ ಇಂಗ್ಲಿಷಿನದೇ ಪದ, ಇದಕ್ಕೆ ನಂಟಿಲ್ಲ. ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಪದದ ಜೊತೆಗೇ ಅದರ ಮೂಲ ಕೊಟ್ಟಿರುತ್ತಾರೆ. ಮಗಳ ಪುಟದಲ್ಲಿ ನಾವು ಎರಡು ಪದ ಹೊಡೆದುಹಾಕಿದ್ದು ಅದನ್ನು ನೋಡಿಯೇ.

ಮುಂದಿನ ಪುಟಕ್ಕೆ ‘ಪೋರ್ಟ್’ ಬೇರು ತೆಗೆದುಕೊಳ್ಳಿ. ಅರ್ಥ: ಹೊರು. ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ರಿಪೋರ್ಟ್ ಎಲ್ಲ ಅದರಡಿ ಬರುತ್ತವೆ. ಏರ್‌ಪೋರ್ಟ್ ಮಾತ್ರ ಅಲ್ಲಿ ಬರೆಯಬೇಡಿ. ಅದರಲ್ಲಿರುವುದು ‘ಪೋರ್ಟುಸ್’ ಅನ್ನುವ ಬೇರೆ ಲ್ಯಾಟಿನ್ ಪದ, ಅಂದರೆ ಬಂದರು.