ಸಿಸ್ಕೋ ರೂಟರ್, ಸ್ವಿಚ್‌ಗೆ ಬಗ್ ಫಿಕ್ಸ್ ಹಾಕುವಾಗ

ನಿಮ್ಮದು ಐಒಎಸ್ ಎಕ್ಸ್‌ಇ (ಸಿಸ್ಕೋದ ಆಪರೇಟಿಂಗ್ ಸಿಸ್ಟಮ್) ಇರುವ ಸಾಧನವಾ? ಮೊದಲು ‘ಶೋ ವರ್ಷನ್’ ಕಮಾಂಡ್ ಕೊಟ್ಟು ಆವೃತ್ತಿ ನೋಡಿ. 2023ರ ಅಕ್ಟೋಬರ್‌ನಲ್ಲಿ ಹೊರಬಿದ್ದ ವೆಬ್ ಯುಐ (ಬ್ರೌಸರ್‌ನಲ್ಲಿ ಸಾಧನ ನಿರ್ವಹಿಸುವ ಪುಟ) ದೋಷ ನೆನಪಿದೆ ಅಲ್ವಾ? ತೀವ್ರತೆ 10ಕ್ಕೆ 10, ಲಾಗಿನ್ ಇಲ್ಲದೆಯೇ ಹೊರಗಿನವರು ಲೆವೆಲ್ 15 (ಪೂರ್ಣ ಅಧಿಕಾರದ) ಖಾತೆ ಮಾಡಿಕೊಳ್ಳುತ್ತಿದ್ದರು. 17.9 ಸರಣಿಗೆ ಅದರ ಫಿಕ್ಸ್ 17.9.4ಎ.

ಅಪ್‌ಡೇಟ್ ತಡವಾಗುತ್ತದೆ ಅಂದರೆ ‘ನೋ ಐಪಿ ಎಚ್‌ಟಿಟಿಪಿ ಸರ್ವರ್’, ‘ನೋ ಐಪಿ ಎಚ್‌ಟಿಟಿಪಿ ಸೆಕ್ಯೂರ್-ಸರ್ವರ್’ ಎರಡೂ ಕಮಾಂಡ್ ಹಾಕಿ ವೆಬ್ ಯುಐ ಮುಚ್ಚಿ, ಸೇವ್ ಮಾಡಿ, ಒಂದೇ ಹಾಕಿದರೆ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ.

ಇಮೇಜ್ (ಹೊಸ ಸಾಫ್ಟ್‌ವೇರ್ ಫೈಲ್) ಹಾಕುವ ಮುಂಚೆ ಕಾನ್ಫಿಗ್ ಬ್ಯಾಕಪ್ ಬೇರೆ ಕಂಪ್ಯೂಟರ್‌ನಲ್ಲಿರಲಿ, ಫ್ಲ್ಯಾಶ್‌ನಲ್ಲಿ (ಸಾಧನದ ಮೆಮೊರಿಯಲ್ಲಿ) ಜಾಗ ನೋಡಿ, ಫೈಲ್‌ನ ಹ್ಯಾಶ್ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಕೋಡ್) ಸಿಸ್ಕೋ ಕೊಟ್ಟದ್ದರ ಜೊತೆ ತಾಳೆ ಮಾಡಿ. ಇದನ್ನು ದಯವಿಟ್ಟು ಬಿಡಬೇಡಿ. ರೀಬೂಟ್ ಆಯಿತು ಅಂತ ಸುಮ್ನೆ ಕೂರಬೇಡಿ. ಆ ದೋಷ ಬಳಸಿ ದಾಳಿಕೋರರು ಹಾಕಿದ ಇಂಪ್ಲಾಂಟ್ (ಕದ್ದು ಸೇರಿಸಿದ ಕೋಡ್) ರೀಬೂಟ್‌ಗೆ ಹೋಗುತ್ತದೆ, ಆದರೆ ಅವರು ಮಾಡಿಟ್ಟ ಖಾತೆಗಳು ಹಾಗೇ ಉಳಿಯುತ್ತವೆ. ಈಗಿನ ಕಾನ್ಫಿಗ್ ತೋರಿಸುವ ‘ಶೋ ರನ್’ನಲ್ಲಿ ಯೂಸರ್‌ನೇಮ್ ಸಾಲುಗಳನ್ನು ಒಂದೊಂದಾಗಿ ನೋಡಿ, ಗೊತ್ತಿಲ್ಲದ ಹೆಸರನ್ನು ತೆಗೆದುಹಾಕಿ.