ಬರಬೇಕಾದ ಮೇಲ್ ವಾಪಸಾಗುತ್ತಿದ್ದರೆ: ಪೋಸ್ಟ್‌ಫಿಕ್ಸ್ ಸರ್ವರಿನಲ್ಲಿ ಕಾರಣ ಹುಡುಕುವ ಬಗೆ

ಪೀಣ್ಯದ ಒಂದು ಕಾರ್ಖಾನೆ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶ ಬಳಸಿ ತನ್ನದೇ ಮೇಲ್ ಸರ್ವರ್ ನಡೆಸುತ್ತಿದೆ ಎಂದುಕೊಳ್ಳೋಣ. ಹಳೆಯ ಗ್ರಾಹಕರ ಪರ್ಚೇಸ್ ಆರ್ಡರ್ ವಾಪಸಾಗುತ್ತದೆ, ಜಯನಗರದ ಆಡಿಟರ್ ಕಳಿಸಿದ ಜಿಎಸ್‌ಟಿ ಕಡತ ತಲುಪುವುದಿಲ್ಲ. ಇಂಥ ದೂರು ಬಂದಾಗ ಆ ಡೊಮೈನನ್ನು ವೈಟ್‌ಲಿಸ್ಟಿಗೆ, ಅಂದರೆ ತಡೆಯಿಲ್ಲದೆ ಬಿಡಬೇಕಾದವರ ಪಟ್ಟಿಗೆ, ಸೇರಿಸಿ ಕೈತೊಳೆದುಕೊಳ್ಳುವುದು ವಾಡಿಕೆಯಾದರೂ, ಅದರಿಂದ ದೂರು ಕೊಟ್ಟವರ ಸಮಸ್ಯೆ ಮಾತ್ರ ತೀರುತ್ತದೆ. ದೂರು ಕೊಡದೆ ಸುಮ್ಮನಾದವರ ಮೇಲ್ ವಾಪಸಾಗುತ್ತಲೇ ಇರುತ್ತದೆ.

ಮೊದಲು ಕಳುಹಿಸಿದವರಿಗೆ ಬಂದ ಬೌನ್ಸ್ ಸಂದೇಶವನ್ನು, ಅಂದರೆ ಮೇಲ್ ತಲುಪಲಿಲ್ಲ ಎಂಬ ಸೂಚನೆಯನ್ನು, ಪೂರ್ತಿಯಾಗಿ, ಸಮಯ ಸಹಿತ ತರಿಸಿಕೊಳ್ಳಿ. ವಾಟ್ಸಾಪಿನಲ್ಲಿ ಬರುವ ಅರ್ಧ ಸ್ಕ್ರೀನ್‌ಶಾಟ್ ಸಾಲದು. ಬಳಿಕ ಅದೇ ಸಮಯದ ಮೇಲ್ ಲಾಗ್ (ಸರ್ವರ್ ಬರೆದಿಡುವ ದಾಖಲೆ) ತೆರೆದು, 'ನೋಕ್ಯೂ ರಿಜೆಕ್ಟ್' (NOQUEUE: reject) ಎಂದಿರುವ ಸಾಲುಗಳನ್ನು ಸ್ವೀಕರಿಸುವವರ ವಿಳಾಸದ ಮೂಲಕ ಹುಡುಕಿ. ಕಳುಹಿಸಿದವರ ವಿಳಾಸದಿಂದ ಹುಡುಕಿದರೆ ಹಲವು ಬಾರಿ ಏನೂ ಸಿಗುವುದಿಲ್ಲ. ಬಿಲ್ಲಿಂಗ್ ತಂತ್ರಾಂಶಗಳ ಮೂಲಕ ಬರುವ ಮೇಲ್‌ನಲ್ಲಿ ನಮಗೆ ಕಾಣುವ ವಿಳಾಸ ಒಂದಿದ್ದರೆ, ಸರ್ವರಿಗೆ ಹೇಳಿದ ಲಕೋಟೆಯ ವಿಳಾಸ ಬೇರೆಯೇ ಇರಬಹುದು. ಆ ಸಾಲಿನಲ್ಲಿರುವ ನಮ್ಮ ಸರ್ವರಿನ ಉತ್ತರದ ಸಂಖ್ಯೆ 5ರಿಂದ ಆರಂಭವಾಗಿದ್ದರೆ ಅದು ಶಾಶ್ವತ ನಿರಾಕರಣೆ. 4ರಿಂದ ಆರಂಭವಾಗಿದ್ದರೆ ಕಳುಹಿಸುವ ಸರ್ವರ್ ಆ ಮೇಲನ್ನು ಸರದಿಯಲ್ಲಿಟ್ಟುಕೊಂಡು ಸಾಮಾನ್ಯವಾಗಿ ನಾಲ್ಕೈದು ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಲಾಗಿನಲ್ಲಿ ಸುಳಿವೇ ಇಲ್ಲದಿದ್ದರೆ ಮೇಲ್ ನಿಮ್ಮ ಪೋಸ್ಟ್‌ಫಿಕ್ಸ್‌ವರೆಗೆ ಬಂದೇ ಇಲ್ಲ ಎಂದರ್ಥ; ಆಗ ನೋಡಬೇಕಾದದ್ದು ಎಂಎಕ್ಸ್ ದಾಖಲೆ (ಡೊಮೈನಿನ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವುದು) ಮತ್ತು ಫೈರ್‌ವಾಲ್.

ಜಿಮೇಲ್ ಸೇರಿದಂತೆ ಎಲ್ಲರೂ ಒಟ್ಟಿಗೆ ತಿರಸ್ಕೃತರಾಗುತ್ತಿದ್ದು, ಪ್ರತಿ ಸಾಲಿನಲ್ಲೂ ಒಂದೇ ಬ್ಲಾಕ್‌ಲಿಸ್ಟಿನ (ಸ್ಪ್ಯಾಮ್ ಕಳಿಸುವ ಐಪಿ ವಿಳಾಸಗಳ ಪಟ್ಟಿ) ಹೆಸರಿದ್ದರೆ, ತಪ್ಪು ಬಹುತೇಕ ನಮ್ಮ ಕಡೆಯದೇ. ಉದಾಹರಣೆಗೆ ಸ್ಪ್ಯಾಮ್‌ಹೌಸ್ ಸಂಸ್ಥೆಯ ಜೆನ್ ಎಂಬ ಇಂಥ ಪಟ್ಟಿಯನ್ನು 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಮೂಲಕ ಕೇಳಿದರೆ, ಅದು 127.255.255.254 ಎಂಬ ದೋಷ ಸಂಕೇತವನ್ನು ಹಿಂದಿರುಗಿಸಬಹುದು. ಸಂರಚನೆಯಲ್ಲಿ ಪಟ್ಟಿಯ ಹೆಸರನ್ನಷ್ಟೇ ಬರೆದಿದ್ದರೆ ಪೋಸ್ಟ್‌ಫಿಕ್ಸ್, ಉತ್ತರ ಬಂದಿದೆ ಎಂಬ ಒಂದೇ ಕಾರಣಕ್ಕೆ ಅದನ್ನು 'ಪಟ್ಟಿಯಲ್ಲಿದ್ದಾರೆ' ಎಂದು ಓದಿಕೊಂಡು ಎಲ್ಲರನ್ನೂ ಹೊರಗಟ್ಟುತ್ತದೆ. ಸರ್ವರಿನಲ್ಲೇ ಅನ್‌ಬೌಂಡ್‌ನಂಥ ರಿಸಾಲ್ವರ್ (ಡಿಎನ್‌ಎಸ್ ಪ್ರಶ್ನೆಗಳಿಗೆ ಉತ್ತರ ಹುಡುಕುವ ತಂತ್ರಾಂಶ) ಸ್ಥಾಪಿಸಿ, ಅದು ಪ್ರಶ್ನೆಗಳನ್ನು ಮತ್ತೊಂದು ಸಾರ್ವಜನಿಕ ಡಿಎನ್‌ಎಸ್‌ಗೆ ದಾಟಿಸದಂತೆ ನೋಡಿಕೊಂಡು, ಪಟ್ಟಿಯ ಹೆಸರಿನ ಮುಂದೆ 127.0.0.2ರಿಂದ 127.0.0.11ರವರೆಗಿನ ಉತ್ತರಗಳು ಮಾತ್ರ ಮಾನ್ಯವೆಂದು ಬರೆಯುವುದೇ ಇದಕ್ಕೆ ಪರಿಹಾರ. ಡೆಬಿಯನ್ ಮತ್ತು ಉಬುಂಟುವಿನ ಹಲವು ಆವೃತ್ತಿಗಳಲ್ಲಿ ಪೋಸ್ಟ್‌ಫಿಕ್ಸ್ ಡಿಎನ್‌ಎಸ್ ಸಂರಚನೆಯ ತನ್ನದೇ ಪ್ರತಿಯನ್ನು ಇಟ್ಟುಕೊಳ್ಳುವುದರಿಂದ ರೀಲೋಡ್ ಮಾಡಿದರೆ ಸಾಲದು, ರೀಸ್ಟಾರ್ಟ್ ಮಾಡಬೇಕು. ಇದೇ ವೇಳೆ ಹಳೆಯ ಪಟ್ಟಿಗಳನ್ನೂ ತೆಗೆದುಹಾಕಿ: ಎಷ್ಟೋ ಸಂರಚನೆಗಳಲ್ಲಿ ಇಂದಿಗೂ ಉಳಿದಿರುವ ಸಾರ್ಬ್ಸ್ ಎಂಬ ಬ್ಲಾಕ್‌ಲಿಸ್ಟ್ 2024ರ ಜೂನ್‌ನಲ್ಲೇ ಸ್ಥಗಿತಗೊಂಡಿದೆ.

ಕೆಲವರು ಮಾತ್ರ ತಿರಸ್ಕೃತರಾಗುತ್ತಿದ್ದರೆ ರಿವರ್ಸ್ ಡಿಎನ್‌ಎಸ್ ನಿಯಮವನ್ನು ಅನುಮಾನಿಸಿ. 'ರಿಜೆಕ್ಟ್ ಅನ್‌ನೋನ್ ಕ್ಲೈಂಟ್ ಹೋಸ್ಟ್‌ನೇಮ್' ಎಂಬ ನಿಯಮವು ಐಪಿಯಿಂದ ಹೆಸರು ಸಿಗಬೇಕು, ಆ ಹೆಸರಿನಿಂದ ಮತ್ತೆ ಅದೇ ಐಪಿ ಸಿಗಬೇಕು ಎಂದು ಕೇಳುತ್ತದೆ. ಸಣ್ಣ ಕಚೇರಿಗಳ ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲಿ ಈ ಜೋಡಿ ಸರಿಯಾಗಿರದೆ ಇರುವುದು ಅಪರೂಪವೇನಲ್ಲ. ರಿವರ್ಸ್ ಹೆಸರು ಇದೆಯೇ ಎಂದಷ್ಟೇ ನೋಡುವ ಸಡಿಲ ನಿಯಮವೂ ಪೋಸ್ಟ್‌ಫಿಕ್ಸ್‌ನಲ್ಲಿದೆ. ವ್ಯಾಪಾರಸ್ಥರ ಸರ್ವರಿಗೆ ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ.

ಮೇಲ್ ತಡವಾಗಿ ಬರುತ್ತದೆ, ಒಟಿಪಿ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ ಎಂಬ ದೂರಾದರೆ ಅದು ಗ್ರೇಲಿಸ್ಟಿಂಗ್‌ನ, ಅಂದರೆ ಅಪರಿಚಿತರ ಮೊದಲ ಪ್ರಯತ್ನವನ್ನು ತಾತ್ಕಾಲಿಕವಾಗಿ ತಿರಸ್ಕರಿಸುವ ವಿಧಾನದ, ಲಕ್ಷಣ. ಪೋಸ್ಟ್‌ಗ್ರೇ ತಂತ್ರಾಂಶವು ಅಪರಿಚಿತ ಸರ್ವರನ್ನು ತಾನಾಗಿಯೇ 300 ಸೆಕೆಂಡು ಕಾಯಿಸುತ್ತದೆ. ದೊಡ್ಡ ಸೇವೆಗಳು ಎರಡನೆಯ ಪ್ರಯತ್ನವನ್ನು ಬೇರೆ ಐಪಿಯಿಂದ ಮಾಡಿದರೆ ಕಾಯುವಿಕೆ ಮತ್ತೆ ಮೊದಲಿನಿಂದ ಆರಂಭವಾಗಬಹುದು.

ಡೊಮೈನಿನ ಪರವಾಗಿ ಮೇಲ್ ಕಳುಹಿಸಲು ಆ ಸರ್ವರಿಗೆ ಅನುಮತಿ ಇದೆಯೇ ಎಂದು ನೋಡುವ ಎಸ್‌ಪಿಎಫ್ ಪರೀಕ್ಷೆಯ ವೈಫಲ್ಯಕ್ಕೆ ಎರಡು ಕಾರಣಗಳು ಹೆಚ್ಚಾಗಿ ಕಾಣುತ್ತವೆ. ಕಳುಹಿಸುವವರ ದಾಖಲೆಯಲ್ಲಿ ಡಿಎನ್‌ಎಸ್ ಹುಡುಕಾಟಗಳು 10ರ ಮಿತಿಯನ್ನು ದಾಟಿದ್ದರೆ, ಅದನ್ನು ಅವರೇ ಸರಿಪಡಿಸಬೇಕು. ಮೇಲ್ ಮತ್ತೊಂದು ವಿಳಾಸದಿಂದ ಫಾರ್ವರ್ಡ್ ಆಗಿ ಬರುತ್ತಿದ್ದರೆ ಯಾರದೂ ತಪ್ಪಿಲ್ಲದೆಯೂ ಪರೀಕ್ಷೆ ಸೋಲುತ್ತದೆ, ಏಕೆಂದರೆ ನಮಗೆ ಕಾಣುವುದು ನಡುವಿನ ಸರ್ವರಿನ ಐಪಿ. ಮೇಲ್‌ನ ಒಡಲು ಬದಲಾಗದಿದ್ದರೆ ಕಳುಹಿಸುವ ಡೊಮೈನ್ ಹಾಕುವ ಡಿಕಿಮ್ ಎಂಬ ಡಿಜಿಟಲ್ ಸಹಿ ಮಾತ್ರ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಆದ್ದರಿಂದ ಎಸ್‌ಪಿಎಫ್ ಒಂದನ್ನೇ ನಂಬಿ ತಿರಸ್ಕರಿಸುವ ಬದಲು, ಅದರ ಫಲಿತಾಂಶವನ್ನು ಸ್ಪ್ಯಾಮ್ ಅಸ್ಯಾಸಿನ್ ಅಥವಾ ಆರ್‌ಸ್ಪ್ಯಾಮ್‌ಡಿ ಎಂಬ ಸ್ಪ್ಯಾಮ್ ಶೋಧಕಗಳ ಅಂಕಗಳಿಗೆ ಸೇರಿಸುವುದು ಒಳ್ಳೆಯದು.

ಯಾವ ನಿಯಮ ಬದಲಿಸುವುದಿದ್ದರೂ ಮೊದಲು ಆ ನಿಯಮದ ಹೆಸರಿಗಿಂತ ಮುಂಚೆ 'ವಾರ್ನ್ ಇಫ್ ರಿಜೆಕ್ಟ್' ಎಂದು ಸೇರಿಸಿ; ಆ ನಿಯಮಕ್ಕೆ ಸಿಕ್ಕಿಬೀಳುವವರ ಹೆಸರು ಲಾಗಿನಲ್ಲಿ ದಾಖಲಾಗುತ್ತದೆ, ಆದರೆ ಅದೇ ಕಾರಣಕ್ಕೆ ಮೇಲ್ ನಿಲ್ಲುವುದಿಲ್ಲ. ಒಂದು ವಾರದ ಲಾಗ್ ನೋಡಿ ಆಮೇಲೆ ನಿರ್ಧರಿಸಿ. ವೈಟ್‌ಲಿಸ್ಟ್ ಅನಿವಾರ್ಯವಾದರೆ ಸುಲಭವಾಗಿ ನಕಲಿಸಬಹುದಾದ ಡೊಮೈನಿನ ಬದಲು ಐಪಿಯನ್ನು ಸೇರಿಸಿ. ಅದನ್ನು, ನಿಮ್ಮದಲ್ಲದ ಡೊಮೈನ್‌ಗಳಿಗೆ ಹೋಗುವ ಮೇಲನ್ನು ತಡೆಯುವ 'ರಿಜೆಕ್ಟ್ ಅನ್‌ಆತ್ ಡೆಸ್ಟಿನೇಶನ್' ನಿಯಮದ ನಂತರವೇ ಇಡಿ. ಮೊದಲಿಟ್ಟರೆ, ಬೇರೆ ರಕ್ಷಣೆ ಇಲ್ಲದ ಸಂರಚನೆಯಲ್ಲಿ, ಆ ಐಪಿಯವರು ನಿಮ್ಮ ಸರ್ವರ್ ಮೂಲಕ ಊರಿಗೆಲ್ಲ ಮೇಲ್ ಕಳುಹಿಸಬಹುದು. ಮೇಲ್ ದೂರುಗಳು ಬರುವ ಪೋಸ್ಟ್‌ಮಾಸ್ಟರ್ ವಿಳಾಸವನ್ನು ಈ ಶೋಧಕಗಳಿಂದ ಹೊರಗಿಟ್ಟು, ಬೌನ್ಸ್ ಸಂದೇಶದಲ್ಲಿ ಕಚೇರಿಯ ದೂರವಾಣಿ ಸಂಖ್ಯೆಯನ್ನೂ ನಮೂದಿಸಿ. ಕೊನೆಗೆ ಕಚೇರಿಯ ಜಾಲದ ಹೊರಗಿನಿಂದ, ಅಂದರೆ ಪೋಸ್ಟ್‌ಫಿಕ್ಸ್ ನಂಬುವ ಯಂತ್ರಗಳ ಮೈನೆಟ್‌ವರ್ಕ್ಸ್ ಪಟ್ಟಿಯಲ್ಲಿಲ್ಲದ ಯಂತ್ರವೊಂದರಿಂದ, ಸ್ವಾಕ್ಸ್ ಉಪಕರಣ ಬಳಸಿ ಪರೀಕ್ಷಾ ಮೇಲ್ ಕಳುಹಿಸಿ. ಒಳಗಿನಿಂದ ಕಳುಹಿಸಿದ ಮೇಲ್ ಈ ನಿಯಮಗಳನ್ನು ಮುಟ್ಟದೆಯೇ ದಾಟಿಹೋಗುತ್ತದೆ.